ಗುರುಮಲ್ಲಪ್ಪನ ಒರಿಜಿನಲ್ ಪೈಪು

ಮೈಸೂರಿನ ಹಳೇ ಪೇಟೆಯಲ್ಲಿ ಗುರುಮಲ್ಲಪ್ಪ ಅಂತ ಒಬ್ಬ ಗ್ಯಾಸ್ ಒಲೆ ಅಂಗಡಿಯವನಿದ್ದ. ಒಲೆ ಮಾರುತ್ತಿದ್ದ, ರಿಪೇರಿಯನ್ನೂ ಮಾಡುತ್ತಿದ್ದ. ಯಾವ ಹೆಂಗಸು ಬರ್ನರ್ ಸರಿ ಮಾಡಿಸೋಕೆ ಬಂದರೂ ಅವನು ಮೊದಲು ಕೇಳುತ್ತಿದ್ದದ್ದು ಒಂದೇ ಮಾತು, ಗ್ಯಾಸಿನ ರಬ್ಬರ್ ಪೈಪು ಬದಲಾಯಿಸಿ ಎಷ್ಟು ವರ್ಷ ಆಯ್ತು ಅಂತ. ಉತ್ತರ ತಡವಾದರೆ ಬೈಗುಳ ಶುರು. ರಬ್ಬರಿಗೂ ಆಯಸ್ಸು ಅಂತ ಒಂದಿದೆ ಕಣಮ್ಮ, ಉಪಯೋಗಿಸಿದರೂ ಹಾಳಾಗುತ್ತೆ, ಸುಮ್ಮನೆ ಇಟ್ಟರೂ ಹಾಳಾಗುತ್ತೆ, ಮೇಲೆ ನೋಡೋಕೆ ಮಾತ್ರ ಚೆನ್ನಾಗಿರುತ್ತೆ, ಮನೆ ಸುಟ್ಟುಕೋಬೇಡಿ ಅನ್ನುತ್ತಿದ್ದ. ಹೊಸ ಪೈಪು ಕೊಟ್ಟ ಮೇಲೆ ಹಳೇದನ್ನು ಅವರ ಕಣ್ಣೆದುರೇ ಕತ್ತರಿಯಲ್ಲಿ ತುಂಡು ಮಾಡುತ್ತಿದ್ದ, ಎಲ್ಲಿ ಮತ್ತೆ ಒಯ್ದು ಹಾಕಿಕೊಂಡಾರೋ ಅಂತ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಏನೂ ಗೊತ್ತಿಲ್ಲದವನು ಮಾಡಿದ ತಪ್ಪಾಗಿದ್ದರೆ ನಾನು ಈ ಕಥೆ ಹೇಳುವ ಗೋಜಿಗೇ ಹೋಗುತ್ತಿರಲಿಲ್ಲ.

ಇವನ ಅಪ್ಪ ಒಂದು ಹಳೇ ಕಾರು ಬಿಟ್ಟು ಹೋಗಿದ್ದರು. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಅದರ ಭಕ್ತರೆಲ್ಲ ಕಥೆ ಬಿಟ್ಟು ನನ್ನ ಮೇಲೆ ಬೀಳುತ್ತಾರೆ. ಗಿಣಿಹಸಿರು ಬಣ್ಣ, ಸ್ಟೇರಿಂಗ್ ಪಕ್ಕದಲ್ಲೇ ಗೇರು, ತಿರುಗುವಾಗ ಬಾಗಿಲ ಹತ್ತಿರದಿಂದ ಪುಟ್ಟ ಕೈಯೊಂದು ಎದ್ದು ದಾರಿ ತೋರಿಸುವ ಸಿಗ್ನಲ್ಲು. ಅಪ್ಪ ಹೋದ ಮೇಲೆ ಅದು ಹಿತ್ತಲಿನ ಶೆಡ್ಡಿನಲ್ಲಿ ಬೆಕ್ಕು ಮರಿ ಹಾಕುವ ಜಾಗವಾಗಿತ್ತು. ಗುರುಮಲ್ಲಪ್ಪ ಅದನ್ನು ಎಬ್ಬಿಸಿ ನಿಲ್ಲಿಸಬೇಕು ಅಂತ ಹೊರಟ. ಒಳ್ಳೆಯದೇ. ಹಳೇ ವಸ್ತುವಿನ ಮೇಲಿನ ಪ್ರೀತಿಯನ್ನು ನಾನು ಬೈಯುವವನಲ್ಲ.

ಆ ಕಾರಿನ ಮುಂದಿನ ಎಡಗಡೆ ಸೀಟು ಅವನ ಅಕ್ಕನದು. ಅಕ್ಕನ ಹೆಸರು ದಾಕ್ಷಾಯಿಣಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಅವ್ವ ಬೇಗ ತೀರಿಹೋದಾಗ ಈ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬೆಳೆಸಿದವರು. ಅಪ್ಪ ಕಾರು ಓಡಿಸುವಾಗ ಎಡಗಡೆ ಅವರು, ಅವರ ತೊಡೆಯ ಮೇಲೆ ಇವನು. ಟೀಚರ್‌ಗೆ ಖೋಖೋ ಅಂದರೆ ಉಸಿರು. ರಿಟೈರ್ ಆಗುವ ವಯಸ್ಸು ಹತ್ತಿರ ಬಂದಿದ್ದರೂ ಸೀರೆ ಎತ್ತಿ ಸಿಕ್ಕಿಸಿ ಹುಡುಗಿಯರ ಜೊತೆ ತಾವೇ ಓಡುತ್ತಿದ್ದರು. ಓಡಿ ತೋರಿಸಬೇಕು, ಕೂತು ಬಾಯಲ್ಲಿ ಹೇಳಿದರೆ ಯಾವ ಹುಡುಗಿಗೂ ಆಟ ಬರಲ್ಲ ಅನ್ನುವುದು ಅವರ ಪಾಠ. ನಾನು ಅವರ ಮೈದಾನದ ಎದುರು ಮನೆಯವನು. ಅವರ ಕಾಲಿನ ವೇಗ ಕಣ್ಣಾರೆ ನೋಡಿದವನು.

ಕಾರು ಕಟ್ಟುವ ಕೆಲಸ ಶುರುವಾಯಿತು. ಡೋರ್ ಹ್ಯಾಂಡಲ್ಲಿಗೆ ಕೊಯಮತ್ತೂರು, ಮೀಟರಿಗೆ ಕೊಲ್ಲಾಪುರ, ಹೆಡ್‌ಲೈಟಿನ ಗಾಜಿಗೆ ಬೆಂಗಳೂರಿನ ಗುಜರಿ. ಒಂದೊಂದು ನಟ್ಟಿನ ಮೇಲೂ ಕಂಪನಿಯ ಅಚ್ಚು ಇರಲೇಬೇಕು. ಹೊಸದಾಗಿ ಎರಕ ಹೊಯ್ದು, ತಿಪ್ಪೆಯಲ್ಲಿ ಹೂತಿಟ್ಟು ತುಕ್ಕು ಹಿಡಿಸಿ, ಆ ಕಾಲದ್ದೇ ಅಂತ ಮಾರುವ ಖದೀಮರು ಈ ದಂಧೆಯಲ್ಲಿ ಬೇಕಾದಷ್ಟಿದ್ದಾರೆ. ಗುರುಮಲ್ಲಪ್ಪ ಮೋಸ ಹೋಗುವ ಆಸಾಮಿ ಅಲ್ಲ. ಅಚ್ಚಿನ ಅಕ್ಷರದ ಅಂಚನ್ನು ಉಗುರಲ್ಲಿ ಒಮ್ಮೆ ಸವರಿದರೆ ಸಾಕು, ಅಸಲಿಯೋ ನಕಲಿಯೋ ಹೇಳಿಬಿಡುತ್ತಿದ್ದ. ಅಷ್ಟು ಬುದ್ಧಿವಂತ. ಆ ಬುದ್ಧಿಗೆ ಬೆಂಕಿ ಹಾಕಬೇಕು ಅಂತ ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ.

ವರ್ಷಕ್ಕೊಮ್ಮೆ ಹಳೇ ಕಾರುಗಳ ಸ್ಪರ್ಧೆ ನಡೆಯುತ್ತೆ. ತೀರ್ಪುಗಾರರು ಟಾರ್ಚು ಹಿಡಿದು, ಕೋಲಿಗೆ ಕಟ್ಟಿದ ಕನ್ನಡಿಯನ್ನು ಕಾರಿನ ಕೆಳಗೆ ತೂರಿಸಿ ನೋಡುತ್ತಾರೆ. ಯಾವ ಭಾಗ ಆ ಕಾಲದ್ದಲ್ಲವೋ ಅದಕ್ಕೊಂದು ಅಂಕ ಕಟ್. ಮೊದಲ ವರ್ಷ ಗುರುಮಲ್ಲಪ್ಪನ ಕಾರಿನಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಮುಂದಿನ ಚಕ್ರಗಳ ಹಿಂದೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಪೈಪುಗಳಿವೆಯಲ್ಲ, ಅವು ಹೊಸವು. ಮೆಕ್ಯಾನಿಕ್ ಅರುಳಪ್ಪ ಹಾಕಿದ್ದು. ಅಲ್ಲಿ ಕಂಪನಿಯ ಅಚ್ಚು ಕಾಣಲಿಲ್ಲ. ಆ ಒಂದು ಅಂಕದಲ್ಲಿ ಮೊದಲ ಬಹುಮಾನದ ಕಪ್ಪು ಪಿರಿಯಾಪಟ್ಟಣದ ತಂಬಾಕು ವ್ಯಾಪಾರಿ ಬೋರಲಿಂಗಯ್ಯನ ಪಾಲಾಯಿತು. ಎರಡನೇದು ಬಂತಲ್ಲ, ಸಾಲದೇನೋ ಅಂತ ಅಕ್ಕ ನಕ್ಕರು. ಇವನು ಅವತ್ತು ಊಟ ಮಾಡಲಿಲ್ಲ. ಐವತ್ತು ದಾಟಿದ ಗಂಡಸು, ಒಂದು ಗೇಣು ಪೈಪಿಗಾಗಿ ಊಟ ಬಿಟ್ಟ.

ವರ್ಷವಿಡೀ ಹುಡುಕಿದ. ಕೊನೆಗೆ ಸೇಲಂನಲ್ಲಿ ಎಂದೋ ಮುಚ್ಚಿಹೋದ ಬಿಡಿಭಾಗದ ಅಂಗಡಿಯೊಂದರ ಅಟ್ಟದ ಮೇಲೆ ಸಿಕ್ಕಿತು. ಕಂಪನಿಯ ಡಬ್ಬಿ, ಒಳಗೆ ಮೇಣದ ಕಾಗದ, ಕಾಗದದೊಳಗೆ ಮೂರು ಪೈಪು. ಒಮ್ಮೆಯೂ ಯಾರೂ ಉಪಯೋಗಿಸಿರಲಿಲ್ಲ. ಮೈಮೇಲೆ ಕಂಪನಿಯ ಹೆಸರು ಉಬ್ಬಿ ನಿಂತಿತ್ತು. ಅವು ತಯಾರಾದಾಗ ಗುರುಮಲ್ಲಪ್ಪ ಇನ್ನೂ ಹುಟ್ಟೇ ಇರಲಿಲ್ಲ. ಅವನು ಡಬ್ಬಿಯನ್ನು ಮನೆಗೆ ತಂದು ದೇವರ ಮುಂದಿಟ್ಟು ದೀಪ ಹಚ್ಚಿದ, ಕಣ್ಣಲ್ಲಿ ನೀರು ಬೇರೆ ಹಾಕಿದ.

ಹೆಂಡತಿ ಗಿರಿಜಾಂಬ ಅಡುಗೆಮನೆಯಿಂದ ಬಂದು ನೋಡಿದರು. ಅಂಗಡಿಯಲ್ಲಿ ಗಂಡ ದಿನವೂ ಒದರುವುದನ್ನು ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

"ಇದೂ ರಬ್ಬರೇ ಅಲ್ವೇನ್ರೀ?" ಅಂದರು.

"ಇದು ಆ ಕಾಲದ ರಬ್ಬರ್ ಕಣೇ. ಆಗಿನ ಮಾಲಿಗೂ ಈಗಿನ ಮಾಲಿಗೂ ಹೋಲಿಸ್ಬೇಡ," ಅಂದ ಗುರುಮಲ್ಲಪ್ಪ.

ಕೇಳಿದಿರಾ? ಊರಿನ ಹೆಂಗಸರಿಗೆಲ್ಲ ಐದು ವರ್ಷದ ಪೈಪು ಯಮ. ಇವನಿಗೆ ಅರವತ್ತು ವರ್ಷದ ಪೈಪು ದೇವರು. ಮಧ್ಯೆ ಇರುವ ವ್ಯತ್ಯಾಸ ಏನು ಅಂದರೆ, ಒಂದರ ಮೇಲೆ ನಾಲ್ಕು ಅಕ್ಷರ ಇದೆ, ಇನ್ನೊಂದರ ಮೇಲೆ ಇಲ್ಲ.

ಅರುಳಪ್ಪನ ವಿಷಯಕ್ಕೆ ಬರೋಣ, ಅವನನ್ನೇನೂ ಬಿಡುವುದಿಲ್ಲ. ಪೈಪನ್ನು ಕೈಗೆ ತೆಗೆದುಕೊಂಡ ಕೂಡಲೇ ಅವನ ಮುಖ ಸಪ್ಪಗಾಯಿತಂತೆ. ಒಂದು ಮಾತು ಹೇಳಿದ ಅನ್ನುವುದೂ ನಿಜ. ಸ್ಪರ್ಧೆಯ ಮೈದಾನದವರೆಗೆ ಮಾತ್ರ ಇದಿರಲಿ ಸಾರ್, ರಸ್ತೆ ಸಮ ಇದೆ, ಮೆಲ್ಲಗೆ ಹೋಗಿ ಬಿಡಬಹುದು, ತೀರ್ಪು ಮುಗಿದ ತಕ್ಷಣ ಹೊಸದು ಹಾಕಿಬಿಡ್ತೀನಿ ಅಂದ. ಹೊಸ ಪೈಪುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಡಿಕ್ಕಿಯಲ್ಲಿ ಇಟ್ಟೂ ಇಟ್ಟ. ಗುರುಮಲ್ಲಪ್ಪ ಒಪ್ಪಿದ. ಇಬ್ಬರೂ ಜಾಣರು. ಅಪಾಯ ಇದೆ ಅಂತ ಇಬ್ಬರಿಗೂ ಗೊತ್ತಿತ್ತು, ಗೊತ್ತಿದ್ದರಿಂದಲೇ ಹೊಸ ಪೈಪು ಡಿಕ್ಕಿಗೆ ಹೋಯಿತು. ಹಾಕಲ್ಲ ಹೋಗಿ ಸಾರ್ ಅನ್ನಲು ಅರುಳಪ್ಪನಿಗೆ ಬಾಯಿ ಬರಲಿಲ್ಲ, ಇಂಥ ಗಿರಾಕಿ ಕೈಬಿಟ್ಟು ಹೋದಾನು ಅಂತ. ಅಕ್ಕನಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ.

ಸ್ಪರ್ಧೆಯ ದಿನ ಬಂತು. ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಮಲ್ಲಿಗೆ ಹಾರ ಹಾಕಿ ಕಾರು ಹೊರಟಿತು. ಮೈದಾನದಲ್ಲಿ ಕೋಟು ಹಾಕಿದ ತೀರ್ಪುಗಾರರು ಮೊಣಕಾಲೂರಿ ಕೂತರು. ಟಾರ್ಚು ಬಿಟ್ಟರು. ಕನ್ನಡಿ ತೂರಿಸಿದರು. ಪೈಪಿನ ಮೇಲಿನ ಅಕ್ಷರ ಕಂಡು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಕಪ್ಪು ಗುರುಮಲ್ಲಪ್ಪನಿಗೇ ಬಂತು. ಬೋರಲಿಂಗಯ್ಯ ಮುಖ ಇಷ್ಟಗಲ ಮಾಡಿ ಕೈಕುಲುಕಿ, ಆ ಪೈಪು ಎಲ್ಲಿ ಸಿಕ್ಕಿತು ಅಂತ ಕೇಳಿ ತಿಳಿದುಕೊಂಡ. ಅಷ್ಟು ಜನರಲ್ಲಿ ಒಬ್ಬನೇ ಒಬ್ಬ ಕಾರು ಹತ್ತಿ ಕೂತು ಬ್ರೇಕ್ ತುಳಿದು ನೋಡಲಿಲ್ಲ. ಈ ಕಾರು ನಿಲ್ಲುತ್ತಾ ಅನ್ನುವುದಕ್ಕೆ ಅವರ ಲೆಕ್ಕದಲ್ಲಿ ಅಂಕವೇ ಇರಲಿಲ್ಲ.

ಅರುಳಪ್ಪ ಡಿಕ್ಕಿ ತೆಗೆದು ಪಾನಾ ಹಿಡಿದು ನಿಂತ. ಇಲ್ಲೇ ಮರದ ಕೆಳಗೆ ಬದಲಾಯಿಸಿಬಿಡ್ತೀನಿ ಸಾರ್, ಎಷ್ಟೊತ್ತಿನ ಕೆಲಸ ಅಂದ. ಅಷ್ಟು ಹೊತ್ತಿಗೆ ಟೀಚರ್ ಬಂದರು. ಅವರ ಹುಡುಗಿಯರು ಆ ವಾರ ರಾಜ್ಯಮಟ್ಟದ ಪಂದ್ಯಕ್ಕೆ ಹೋಗುವವರಿದ್ದರು. ಅಭ್ಯಾಸ ಮಾಡ್ತಿರಿ, ತಮ್ಮನಿಗೆ ಒಂದು ಮಾತು ಹೇಳಿ ಬಂದುಬಿಡ್ತೀನಿ ಅಂತ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ಓಡಿ ಬಂದಿದ್ದರು. ಕಪ್ಪು ನೋಡಿ ಅವರ ಕಣ್ಣು ತುಂಬಿತು. ಅಪ್ಪ ಇದ್ದಿದ್ದರೆ ಈಗ ನೇರ ಬೆಟ್ಟಕ್ಕೆ ಕರಕೊಂಡು ಹೋಗ್ತಿದ್ದರು ಕಣೋ ಗುರು ಅಂದರು.

ಗುರುಮಲ್ಲಪ್ಪ ಅರುಳಪ್ಪನ ಕಡೆ ತಿರುಗಿ ಹೇಳಿದ ಮಾತು ಇದು.

"ಒಂದೇ ಒಂದು ಸಲ ಅಪ್ಪನ ಕಾರು ಪೂರ್ತಿ ಅಪ್ಪನ ಕಾರಾಗೇ ಬೆಟ್ಟ ಹತ್ತಿ ಬರ್ಲಿ. ನಾಳೆ ಬೆಳಿಗ್ಗೆ ಬದಲಾಯಿಸು."

ಅರುಳಪ್ಪ ನಿಮ್ಮಿಷ್ಟ ಸಾರ್ ಅಂದ. ಪಾನಾ ಒಳಗಿಟ್ಟು ಡಿಕ್ಕಿ ಮುಚ್ಚಿದ. ನಿಮ್ಮಿಷ್ಟ ಅಂತೆ. ಇಷ್ಟ ಒಬ್ಬನದು, ಪಕ್ಕದ ಸೀಟು ಇನ್ನೊಬ್ಬರದು. ಅದನ್ನು ಇಬ್ಬರಲ್ಲಿ ಒಬ್ಬನಾದರೂ ಯೋಚನೆ ಮಾಡಬೇಕಿತ್ತು. ಟೀಚರ್ ಎಡಗಡೆಯ ಬಾಗಿಲು ತೆಗೆದು ತಮ್ಮ ಸೀಟಿನಲ್ಲಿ ಕೂತರು.

ಹತ್ತುವಾಗ ಏನೂ ಆಗಲಿಲ್ಲ. ಹತ್ತುವಾಗ ಬ್ರೇಕಿಗೆ ಏನು ಕೆಲಸ? ಅಮ್ಮನವರ ದರ್ಶನ ಮಾಡಿದರು, ಕಾರಿಗೂ ಕುಂಕುಮ ಇಟ್ಟರು. ಇಳಿಯುವಾಗ ಒಂದೊಂದು ತಿರುವಿಗೂ ಬ್ರೇಕ್ ತುಳಿಯಬೇಕು. ಮೊದಲ ತಿರುವಿನಲ್ಲಿ ಹಿಡಿಯಿತು. ಎರಡನೇದರಲ್ಲೂ ಹಿಡಿಯಿತು. ಅದರ ಮುಂದಿನದಕ್ಕೆ ತುಳಿದರೆ ಪೆಡಲು ನೆಲಕ್ಕೆ ಹೋಗಿ ಕೂತಿತು. ಒಳಗೊಳಗೇ ಸತ್ತುಹೋಗಿದ್ದ ರಬ್ಬರು ಒತ್ತಡಕ್ಕೆ ಸೀಳಿಬಿಟ್ಟಿತ್ತು. ಆ ಕಾಲದ ಕಾರಿನಲ್ಲಿ ನಾಲ್ಕು ಚಕ್ರಕ್ಕೂ ಬ್ರೇಕ್ ಆಯಿಲಿನದು ಒಂದೇ ದಾರಿ. ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು.

ಗುರುಮಲ್ಲಪ್ಪ ಮತ್ತೆ ಮತ್ತೆ ತುಳಿದ. ಹ್ಯಾಂಡ್ ಬ್ರೇಕ್ ಎಳೆದ. ವೇಗ ಕೊಂಚ ತಗ್ಗಿತೇ ಹೊರತು ಕಾರು ನಿಲ್ಲಲಿಲ್ಲ. ಎದುರಿಗೆ ಒಂದು ಸ್ಕೂಟರ್ ಹತ್ತಿ ಬರುತ್ತಿತ್ತು. ಗಂಡ, ಹೆಂಡತಿ, ಮುಂದೆ ನಿಂತುಕೊಂಡ ಒಂದು ಮಗು. ಅವನು ಸ್ಟೇರಿಂಗನ್ನು ಎಡಕ್ಕೆ ಎಳೆದು ಬಂಡೆಗೆ ಕೊಟ್ಟ. ಆ ಮಗು ಉಳಿಯಿತು. ಆ ಒಂದು ಒಳ್ಳೆಯದನ್ನು ಅವನಿಂದ ನಾನು ಕಿತ್ತುಕೊಳ್ಳುವುದಿಲ್ಲ. ಆದರೆ ಬಂಡೆಗೆ ತಾಗಿದ್ದು ಕಾರಿನ ಎಡಗಡೆ. ಅವನ ಹಣೆಯ ಮೇಲೆ ಒಂದು ಗೀರು ಬಿತ್ತು, ಅಷ್ಟೆ. ಟೀಚರ್ ಕಾಲು ತಗಡಿನ ಒಳಗೆ ಸಿಕ್ಕಿಹಾಕಿಕೊಂಡಿತ್ತು. ಡಿಕ್ಕಿ ಬಾಯಿ ಬಿಟ್ಟಿತ್ತು. ಹೊಚ್ಚ ಹೊಸ ಪೈಪುಗಳು ಕವರಿನ ಸಮೇತ ರಸ್ತೆಯ ಮೇಲೆ ಬಿದ್ದಿದ್ದವು.

ಸಂಜೆಯಾದರೂ ಹುಡುಗಿಯರು ಸ್ಕೂಲಿನ ಮೈದಾನದಲ್ಲಿ ಕಾಯುತ್ತಲೇ ಇದ್ದರು. ನಾನೇ ಹೋಗಿ ಹೇಳಬೇಕಾಯಿತು. ಏನಂತ ಹೇಳಲಿ ಆ ಮಕ್ಕಳಿಗೆ? ನಿಮ್ಮ ಟೀಚರ್ ತಮ್ಮನ ಕಾರಿನ ಪೈಪಿನ ಮೇಲೆ ಅಕ್ಷರ ಇತ್ತು, ಅದಕ್ಕೇ ಅವರು ಬರಲಿಲ್ಲ ಅಂತಲಾ? ಸಣ್ಣ ಅಪಘಾತ ಅಂತ ಸುಳ್ಳು ಹೇಳಿ ಮನೆಗೆ ಕಳಿಸಿದೆ. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಡಾಕ್ಟರು ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಹಾಕಿದ್ದರು.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ಬೋರಲಿಂಗಯ್ಯ ಆಸ್ಪತ್ರೆಗೆ ಬಂದ, ಸೇಬು ಮೋಸಂಬಿ ಹಿಡಕೊಂಡು. ಟೀಚರ್ ಕಾಲಿನ ಕಡೆ ನೋಡಲಾರದೆ ಕಿಟಕಿ ಕಡೆ ನೋಡಿದ. ಲೊಚಗುಟ್ಟಿದ. ಆಮೇಲೆ ಗುರುಮಲ್ಲಪ್ಪನನ್ನು ಹೊರಗೆ ಕರೆದು, ಸುತ್ತಿ ಬಳಸಿ ವಿಷಯಕ್ಕೆ ಬಂದ. ಡಬ್ಬಿಯಲ್ಲಿ ಮೂರು ಪೈಪು ಇದ್ದವಲ್ಲ, ಕಾರಿಗೆ ಎರಡೇ ಹಾಕಿದ್ದು, ಇನ್ನೊಂದು ಹಾಗೇ ಇರಬೇಕಲ್ಲ, ಹೇಗೂ ನಿಮಗಿನ್ನು ಬೇಡ, ನನ್ನದೂ ಅದೇ ಕಂಪನಿಯ ಕಾರು, ಕೊಟ್ಟರೆ ಅದಕ್ಕಾಗುತ್ತೆ ಅಂದ. ಮನುಷ್ಯರು ಹೀಗೂ ಇರುತ್ತಾರೆ. ಹಣ್ಣಿನ ಚೀಲ ಇನ್ನೂ ಅವನ ಕೈಯಲ್ಲೇ ಇತ್ತು.

ಗುರುಮಲ್ಲಪ್ಪ ಅವನನ್ನು ಅಂಗಡಿಗೆ ಬರಹೇಳಿದ. ನಾನೂ ಅಲ್ಲೇ ಇದ್ದೆ, ನಮ್ಮ ಮನೆಯ ಬರ್ನರ್ ತೆಗೆದುಕೊಂಡು ಹೋಗಿದ್ದೆ. ಗುರುಮಲ್ಲಪ್ಪ ಡಬ್ಬಿ ತೆಗೆದ, ಮೇಣದ ಕಾಗದ ಬಿಚ್ಚಿದ. ಪೈಪು ಕರ್ರಗೆ ಮಿರಮಿರ ಮಿಂಚುತ್ತಿತ್ತು. ಗ್ಯಾಸ್ ಪೈಪು ಕತ್ತರಿಸುವ ಅದೇ ಕತ್ತರಿಯನ್ನು ಕೈಗೆ ತೆಗೆದುಕೊಂಡು ನಡುಮಧ್ಯಕ್ಕೆ ಕತ್ತರಿಸಿದ. ಒಳಗಿನ ರಬ್ಬರು ಹಳೇ ಬೆಲ್ಲದ ಪುಡಿಯಂತೆ ಮೇಜಿನ ಮೇಲೆ ಉದುರಿತು. ಬೋರಲಿಂಗಯ್ಯ ಆ ಪುಡಿಯನ್ನು ಕಣ್ಣೆತ್ತಿ ನೋಡಲಿಲ್ಲ.

"ಅಕ್ಷರದ ಮೇಲೇ ಕತ್ತರಿಸಿಬಿಟ್ರಲ್ಲ ಗುರುಮಲ್ಲಪ್ಪನೋರೇ," ಅಂದ.

ಅವನಿಗೆ ಹೊಡೆಯಬೇಕು ಅನ್ನಿಸಿತು ನನಗೆ. ಹೊಡೆಯಲಿಲ್ಲ, ಬೈದೆ. ಇಲ್ಲಿ ಬರೆಯಲು ಬಾರದ ಮಾತಿನಲ್ಲೇ ಬೈದೆ. ಅವನು ಚಪ್ಪಲಿ ಮೆಟ್ಟಿ ಎದ್ದು ಹೋದ. ಗುರುಮಲ್ಲಪ್ಪನನ್ನೂ ಬೈದೆ. ಇವತ್ತು ಆಡಿಸಿದ ಕತ್ತರಿಯನ್ನು ಅವತ್ತೇ ಆಡಿಸಿದ್ದರೆ ನಿನ್ನ ಕೈಗೆ ಏನಾಗುತ್ತಿತ್ತಯ್ಯಾ ಅಂದೆ. ಅವನು ಪುಡಿಯನ್ನು ಅಂಗೈಗೆ ಒಟ್ಟುಮಾಡುತ್ತಾ ಕೂತಿದ್ದ. ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಟೀಚರ್ ಮಾತ್ರ ತಮ್ಮನಿಗೆ ಒಂದು ಮಾತೂ ಅಂದಿರಲಿಲ್ಲ. ಪೈಪಿನ ವಿಷಯ ಅವರಿಗೆ ಯಾರಿಂದಲೋ ಗೊತ್ತಾಗಿತ್ತು. ಆದರೂ ಅವನು ತಂದ ಗಂಜಿ ಕುಡಿಯುತ್ತಿದ್ದರು, ಅವನ ಹೆಗಲು ಹಿಡಿದು ಏಳುತ್ತಿದ್ದರು, ಹುಡುಗಿಯರ ಪಂದ್ಯ ಏನಾಯಿತು ಅಂತ ಬಂದವರನ್ನೆಲ್ಲ ಕೇಳುತ್ತಿದ್ದರು. ಹುಡುಗಿಯರು ಸೋತಿದ್ದರು. ಅದನ್ನು ಹೇಳಿದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಗಾಯ ಮಾಗಿದ ಮೇಲೆ ಕೃತಕ ಕಾಲು ಹಾಕಿಸಲು ಕರೆದುಕೊಂಡು ಹೋದರು. ನಾನೂ ಜೊತೆಗೆ ಹೋಗಿದ್ದೆ. ಅಳತೆ ತೆಗೆದು ಕಾಲು ಮಾಡಿದ್ದ ಹೆಣ್ಣುಮಗಳು ಪಟ್ಟಿ ಬಿಗಿದು, ಟೀಚರನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿದಳು. ಟೀಚರ್ ಮೊದಲು ಕೇಳಿದ್ದು ಓಡಬಹುದಾ ಅಂತ. ಆ ಹುಡುಗಿ ಪಟ್ಟಿಯನ್ನು ಇನ್ನೊಮ್ಮೆ ಬಿಗಿದು, ನಡೆಯೋಕೆ ಏನೂ ತೊಂದರೆ ಇಲ್ಲ ಮೇಡಂ ಅಂದಳು. ಆಮೇಲೆ ಗುರುಮಲ್ಲಪ್ಪನ ಕಡೆ ತಿರುಗಿ ಸೂಚನೆ ಕೊಟ್ಟಳು. ಈ ಪಾದ ರಬ್ಬರಿನದು, ಎರಡು ಮೂರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು, ಮೇಲೆ ನೋಡೋಕೆ ಚೆನ್ನಾಗಿದೆ ಅಂತ ಬಿಡಬೇಡಿ, ಉಪಯೋಗಿಸದೆ ಇಟ್ಟರೂ ಹಾಳಾಗುತ್ತೆ, ಮನೆಯವರು ನೀವೇ ಜ್ಞಾಪಕ ಇಟ್ಟುಕೊಂಡು ಕರಕೊಂಡು ಬರಬೇಕು ಅಂದಳು.

ಆ ಹುಡುಗಿಗೆ ಅವನು ಯಾರು, ಏನು ವ್ಯಾಪಾರ, ಒಂದೂ ಗೊತ್ತಿರಲಿಲ್ಲ. ಅವನು ಅಕ್ಕನ ಎಡಗಾಲಿನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಬಿಕ್ಕಿ ಬಿಕ್ಕಿ ಅಳಲು ಶುರುಮಾಡಿದ. ಅಕ್ಕಾ, ಏನು ಬೇಕಾದರೂ ಕೇಳು, ಎಲ್ಲಿಂದಲಾದರೂ ತಂದುಕೊಡ್ತೀನಿ ಅಂದ.

ಟೀಚರ್ ಎರಡೂ ಕಂಬಿ ಹಿಡಿದುಕೊಂಡು ಒಂದು ಹೆಜ್ಜೆ ಇಟ್ಟರು. ರಬ್ಬರ್ ಪಾದವನ್ನೇ ನೋಡುತ್ತಾ, ದನಿ ಎತ್ತದೆ, ಇಷ್ಟು ದಿನದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿದರು.

"ಒಂದು ಪೈಪಿಗೆ ಸೇಲಂವರೆಗೂ ಹೋಗಿದ್ದೆಯಲ್ಲ ಗುರು. ಇದಕ್ಕೆ ಒರಿಜಿನಲ್ ಎಲ್ಲಿ ಸಿಗುತ್ತೆ, ಹುಡುಕ್ಕೊಂಡು ಬಾ."

ನೀತಿ: ನಿಲ್ಲಿಸುವ ಬ್ರೇಕೇ ಅಸಲಿ ಬ್ರೇಕು, ಅಚ್ಚು ಇರುವುದಲ್ಲ. ಕಾರಿನ ಯಾವ ಭಾಗ ಹೋದರೂ ಎಲ್ಲಾದರೂ ಒಂದು ಅಟ್ಟದ ಮೇಲೆ ಸಿಕ್ಕೀತು, ಮನುಷ್ಯರದು ಸಿಗುವುದಿಲ್ಲ. ಊರಿಗೆಲ್ಲ ಬುದ್ಧಿ ಹೇಳಿ, ನಿಮ್ಮ ಆಸೆಯ ವಿಷಯ ಬಂದಾಗ ಒಂದೇ ಒಂದು ಸಲ ಅನ್ನಬೇಡಿ, ಆ ಒಂದು ಸಲ ನಿಮ್ಮ ಪಕ್ಕದಲ್ಲಿ ಯಾರು ಕೂತಿರುತ್ತಾರೋ ನೋಡಿಕೊಳ್ಳಿ. ತಪ್ಪು ಅಂತ ಗೊತ್ತಿದ್ದೂ ನಿಮ್ಮಿಷ್ಟ ಅನ್ನುವವನ ಪಾಲೂ ಅದರಲ್ಲಿದೆ. ಇದನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಎದ್ದು ಹೋಗಿ ನಿಮ್ಮ ಮನೆಯ ಗ್ಯಾಸ್ ಪೈಪು ನೋಡಿ ಬನ್ನಿ.